ಸ್ಕ್ರೂ ಮಾತು ಕೇಳದ ಅಂಬಾಸಿಡರ್: ವ್ಯಾಕ್ಯೂಮ್ ಗೇಜ್ ಹಿಡಿದು ನೋಡಿದ ಒಂದು ಪ್ರಕರಣ

ಗಾಡಿ ಬೆಂಗಳೂರಿನ ಒಂದು ಮಾರ್ಕ್ 4 ಅಂಬಾಸಿಡರ್. 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್, ಸೋಲೆಕ್ಸ್ ಕಾರ್ಬುರೇಟರ್, ಪಾಯಿಂಟ್ ಸೆಟ್ (ತೆರೆದು ಮುಚ್ಚಿ ಪ್ಲಗ್ ಕಿಡಿ ಹಾರಿಸುವ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್, ಬೂಸ್ಟರ್ (ಎಂಜಿನ್ ಎಳೆತದಿಂದ ಬ್ರೇಕಿಗೆ ಬಲ ಕೊಡುವ ಡಬ್ಬಿ) ಇಲ್ಲದ ಡ್ರಮ್ ಬ್ರೇಕ್. ದೂರು ಮೂರು: ಎಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಆಫ್ ಆಗುತ್ತದೆ, ಐಡ್ಲಿಂಗ್‌ನಲ್ಲಿ ಗಾಡಿ ಪೂರ್ತಿ ಅಲುಗಾಡುತ್ತದೆ, ಲೀಟರಿಗೆ 7 ಕಿ.ಮೀ. ದಾಟುತ್ತಿಲ್ಲ. ಕಾರ್ಬುರೇಟರನ್ನು ಎರಡು ಸಲ ಬಿಚ್ಚಿ ತೊಳೆದಾಗಿತ್ತು. ತೊಳೆದ ಮೇಲೆ ಒಂದು ವಾರ ಸುಮಾರಾಗಿ ಓಡಿ, ಮತ್ತೆ ಅದೇ ಹಾಡು.

ಬಾನೆಟ್ ಎತ್ತಿದಾಗ ಕಂಡ ಸ್ಥಿತಿಯೇ ಅರ್ಧ ಕತೆ ಹೇಳುತ್ತಿತ್ತು. ಐಡ್ಲಿಂಗ್ 900 ಆರ್‌ಪಿಎಂ. ಅದಕ್ಕಿಂತ ಇಳಿಸಿದರೆ ಎಂಜಿನ್ ನಿಲ್ಲುತ್ತದೆಂದು ಯಾರೋ, ಗಾಳಿ ದಾರಿಯ ಮುಚ್ಚಳ (ಥ್ರಾಟಲ್ ಫ್ಲ್ಯಾಪ್) ಪೂರ್ತಿ ಮುಚ್ಚದಂತೆ ತಡೆಯುವ ಥ್ರಾಟಲ್ ಸ್ಟಾಪ್ ಸ್ಕ್ರೂವನ್ನು ಚೆನ್ನಾಗಿ ಏರಿಸಿಟ್ಟಿದ್ದರು. ಐಡ್ಲಿಂಗ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಮೂರೂವರೆ ಸುತ್ತು ಹೊರಗಿತ್ತು. ಅದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿದರೂ ಎಂಜಿನ್ ಸದ್ದಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಆರೋಗ್ಯವಾಗಿರುವ ಸೋಲೆಕ್ಸ್‌ನಲ್ಲಿ ಈ ಸ್ಕ್ರೂ ಪೂರ್ತಿ ಒಳಗೆ ಹೋದರೆ ಎಂಜಿನ್ ನಿಲ್ಲಲೇಬೇಕು. ನಿಲ್ಲದಿದ್ದರೆ ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ ಎಂದರ್ಥ. ಥ್ರಾಟಲ್ ಫ್ಲ್ಯಾಪ್ ಅತಿಯಾಗಿ ತೆರೆದಿದ್ದರೆ ಅದರ ಅಂಚಿನ ಮೇಲಿರುವ ಸಣ್ಣ ತೂತುಗಳು ಬಯಲಾಗುತ್ತವೆ. ಐಡ್ಲಿಂಗ್‌ನಿಂದ ಓಟಕ್ಕೆ ದಾಟಿಸಲೆಂದು ಕೊಟ್ಟಿರುವ ತೂತುಗಳು ಅವು. ಎಂಜಿನ್ ಅವುಗಳಿಂದಲೇ ಪೆಟ್ರೋಲ್ ಕುಡಿಯತೊಡಗಿದರೆ ಸ್ಕ್ರೂಗೆ ಹಿಡಿತ ಉಳಿಯುವುದಿಲ್ಲ. ಆ ಸ್ಥಿತಿಯಲ್ಲಿ ಅದನ್ನು ಎಷ್ಟು ತಿರುಗಿಸಿದರೂ ವ್ಯರ್ಥ. ಅಷ್ಟು ತೆರೆಯದೆ ಎಂಜಿನ್ ಯಾಕೆ ನಿಲ್ಲುತ್ತದೆ ಎಂಬುದನ್ನು ಮೊದಲು ಹುಡುಕಬೇಕು. ಎಂಜಿನ್ ಗಾಳಿ ಎಳೆಯುವ ಬಲವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಬೇಕಾದದ್ದು ಇಲ್ಲಿ.

ಗೇಜ್ ಸಿಕ್ಕಿಸುವ ಜಾಗ

ಈ ಗಾಡಿಯ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ (ಕಾರ್ಬುರೇಟರಿನಿಂದ ಸಿಲಿಂಡರಿಗೆ ಮಿಶ್ರಣ ಒಯ್ಯುವ ಕೊಳವೆ) ತಯಾರಾದ ನಿಪ್ಪಲ್ ಇರಲಿಲ್ಲ. ಹಲವರು ಇಂಥ ಕಡೆ ಡಿಸ್ಟ್ರಿಬ್ಯೂಟರ್‌ನ ಅಡ್ವಾನ್ಸ್ ಪೈಪ್ (ಕಿಡಿಯನ್ನು ಮುಂಚಿತವಾಗಿ ಹಾರಿಸಲು ಎಳೆತ ಒಯ್ಯುವ ಪೈಪ್) ಕಿತ್ತು ಗೇಜ್ ಸಿಕ್ಕಿಸುತ್ತಾರೆ. ಆ ತೂತು ಮುಚ್ಚಿದ ಥ್ರಾಟಲ್ ಫ್ಲ್ಯಾಪ್‌ಗಿಂತ ಮೇಲಿರುವುದರಿಂದ ಐಡ್ಲಿಂಗ್‌ನಲ್ಲಿ ಅಲ್ಲಿ ಎಳೆತವೇ ಇರುವುದಿಲ್ಲ. ಮುಳ್ಳು ಸೊನ್ನೆಯ ಹತ್ತಿರ ಕೂತಿತೆಂದು ಎಂಜಿನ್ ಬಿಚ್ಚಲು ಹೊರಡುವುದು ಬೇಡ. ಬೂಸ್ಟರ್ ಇರುವ ಗಾಡಿಯಲ್ಲಿ ಅದರ ಪೈಪಿಗೆ ಟಿ ಹಾಕಿದರೆ ಸಾಕು. ಇದರಲ್ಲಿ ಕಾರ್ಬುರೇಟರ್ ಕೆಳಗಿನ ದಪ್ಪ ಸ್ಪೇಸರ್ ಬಿಚ್ಚಿ, ಪಕ್ಕದಿಂದ ತೂತು ಕೊರೆದು, ಸಣ್ಣ ಹಿತ್ತಾಳೆ ನಿಪ್ಪಲ್ ಕೂರಿಸಲಾಯಿತು. ಬಿಚ್ಚಿಯೇ ಕೊರೆಯಬೇಕು. ಕೂತಲ್ಲೇ ಕೊರೆದರೆ ಪುಡಿ ನೇರ ಸಿಲಿಂಡರಿಗೆ ಹೋಗುತ್ತದೆ.

ಗೇಜ್ 0ಯಿಂದ 30 ಇಂಚು ಪಾದರಸದ ಸಾಮಾನ್ಯ ಗೇಜ್. ಕೆಲವು ಗೇಜ್‌ಗಳಲ್ಲಿ ಸೆಂಟಿಮೀಟರ್ ಅಥವಾ ಕಿಲೋಪ್ಯಾಸ್ಕಲ್ ಇರುತ್ತದೆ. 1 ಇಂಚು ಅಂದರೆ 2.54 ಸೆಂ.ಮೀ., ಇಲ್ಲವೇ ಸುಮಾರು 3.4 ಕಿಲೋಪ್ಯಾಸ್ಕಲ್.

ಓದುವ ಮೊದಲು ಊರಿನ ಎತ್ತರ ನೆನಪಿರಬೇಕು. ಗೇಜ್ ತೋರಿಸುವುದು ಹೊರಗಿನ ಗಾಳಿಗೂ ಮ್ಯಾನಿಫೋಲ್ಡ್ ಒಳಗಿನ ಗಾಳಿಗೂ ಇರುವ ಒತ್ತಡದ ವ್ಯತ್ಯಾಸವನ್ನು. ಹೊರಗಿನ ಒತ್ತಡ ಕಡಿಮೆಯಾದರೆ ರೀಡಿಂಗ್ ಕೂಡ ಇಳಿಯುತ್ತದೆ, ಅಂದಾಜು 300 ಮೀಟರಿಗೆ 1 ಇಂಚು. ಸಮುದ್ರ ಮಟ್ಟದ ಲೆಕ್ಕದಲ್ಲಿ ಒಳ್ಳೇ ಎಂಜಿನ್ 17ರಿಂದ 21 ತೋರಿಸಬೇಕೆಂದು ಪುಸ್ತಕಗಳು ಹೇಳುತ್ತವೆ. ಮಂಗಳೂರಿನಲ್ಲಿ ಅದು ಸರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದೇ ಎಂಜಿನ್ 14ರಿಂದ 18 ತೋರಿಸುತ್ತದೆ, ಮಡಿಕೇರಿಗೆ ಹತ್ತಿದರೆ ಇನ್ನೂ ಮುಕ್ಕಾಲು ಇಂಚು ಕಡಿಮೆ. ಬೆಂಗಳೂರಿನಲ್ಲಿ 16 ಕಂಡು ಪಿಸ್ಟನ್ ರಿಂಗ್ ಸವೆದುಹೋಗಿದೆ ಎಂದುಕೊಂಡವರು ಕಡಿಮೆಯೇನಿಲ್ಲ.

ಈ ಎಂಜಿನ್ನಿನ ಇನ್ನೊಂದು ಗುಣವೂ ಗೊತ್ತಿರಬೇಕು. ನಾಲ್ಕು ಸಿಲಿಂಡರಿಗೆ ಇನ್‌ಟೇಕ್ ದಾರಿ ಎರಡೇ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು. ಫೈರಿಂಗ್ ಆರ್ಡರ್ 1-3-4-2 ಆದ್ದರಿಂದ ಒಂದೇ ದಾರಿಯ ಇಬ್ಬರು ಒಬ್ಬರ ಹಿಂದೆ ಒಬ್ಬರು ಗಾಳಿ ಎಳೆಯುತ್ತಾರೆ. ಮುಳ್ಳು ಅರ್ಧ ಇಂಚಿನಷ್ಟು ಸಣ್ಣಗೆ ನಡುಗುವುದು ಇಲ್ಲಿ ಸಹಜ. ಗೇಜ್ ಪೈಪಿನೊಳಗೆ ಹಳೇ ಕಾರ್ಬುರೇಟರ್ ಜೆಟ್ ಒಂದನ್ನು ತೂರಿಸಿದರೆ ನಡುಕ ಕಡಿಮೆಯಾಗುತ್ತದೆ, ಆದರೆ ದೋಷ ಹುಡುಕುವಾಗ ಅದನ್ನು ತೆಗೆದಿಡಿ. ಆಗ ನಮಗೆ ಬೇಕಾಗಿರುವುದೇ ಆ ನಡುಕ.

ಮೊದಲ ರೀಡಿಂಗ್

15 ನಿಮಿಷ ಓಡಿಸಿ ಎಂಜಿನ್ ಪೂರ್ತಿ ಬಿಸಿ ಮಾಡಲಾಯಿತು. ಚೋಕ್ ಬಟನ್ ಒಳಗೆ ತಳ್ಳಿದ್ದರೆ ಸಾಲದು. ಕೇಬಲ್ ಬಿಗಿಯಾಗಿದ್ದರೆ ಕಾರ್ಬುರೇಟರ್ ಕಡೆಯ ಲಿವರ್ ಅರ್ಧಕ್ಕೇ ನಿಂತಿರುತ್ತದೆ, ಕೈಯಿಂದ ಮುಟ್ಟಿ ನೋಡಬೇಕು. ಗಾಡಿ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು, ಕೆಲಸ ಬಯಲಲ್ಲಿ. ಫ್ಯಾನ್ ಎಂಜಿನ್ ಜೊತೆಗೇ ಸುತ್ತುತ್ತಿರುತ್ತದೆ, ಗೇಜ್ ಪೈಪ್ ಅದರ ಹತ್ತಿರ ಸುಳಿಯದಂತೆ ಕಟ್ಟಿಡಬೇಕು.

900 ಆರ್‌ಪಿಎಂನಲ್ಲಿ ಮುಳ್ಳು 11.5. ಇದು ಬೆಂಗಳೂರಿಗೂ ತೀರಾ ಕಡಿಮೆ. ಅದರ ಮೇಲೆ ಎರಡು ಬಗೆಯ ಚಲನೆ: ತಾಳ ತಪ್ಪದೆ ಪಟಪಟನೆ ಒಂದೂವರೆ ಇಂಚು ಕೆಳಗೆ ಬೀಳುವುದು ಒಂದು, ಒಟ್ಟಾರೆ ಮುಳ್ಳು ನಿಧಾನವಾಗಿ ಅರ್ಧ ಮುಕ್ಕಾಲು ಇಂಚು ಮೇಲೆ ಕೆಳಗೆ ತೇಲುವುದು ಇನ್ನೊಂದು. ಆಕ್ಸಿಲರೇಟರ್ ಥಟ್ಟನೆ ಒತ್ತಿ ಬಿಟ್ಟರೆ ಮುಳ್ಳು 1ಕ್ಕೆ ಇಳಿದು, ಬಿಟ್ಟಾಗ 17ಕ್ಕೆ ಹಾರಿ ವಾಪಸ್ ಬಂತು.

ಇವನ್ನು ಬೇರೆ ಬೇರೆಯಾಗಿ ಓದಬೇಕು. ತಾಳಬದ್ಧವಾಗಿ ಬೀಳುವ ಮುಳ್ಳು ಒಂದೇ ಸಿಲಿಂಡರಿನ ದೂರು. 900 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿನ ಸರದಿ ಸೆಕೆಂಡಿಗೆ ಏಳೆಂಟು ಸಲ ಬರುತ್ತದೆ, ಮುಳ್ಳು ಬೀಳುವ ವೇಗವೂ ಅದೇ. ಸುಟ್ಟ ವಾಲ್ವ್ ಅಥವಾ ಪೂರ್ತಿ ಕೂರದ ವಾಲ್ವ್ ಹೀಗೆ ಮಾಡುತ್ತದೆ. ಗೈಡ್‌ನಲ್ಲಿ ಅಂಟಿಕೊಳ್ಳುವ ವಾಲ್ವ್ ಆಗಿದ್ದರೆ ತಾಳ ತಪ್ಪಿ ಆಗೊಮ್ಮೆ ಈಗೊಮ್ಮೆ ಬೀಳುತ್ತಿತ್ತು. ಅಕ್ಕಪಕ್ಕದ ಎರಡು ಸಿಲಿಂಡರ್ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಜೋಲಿ ಇದಕ್ಕಿಂತ ಬಹಳ ದೊಡ್ಡದಿರುತ್ತಿತ್ತು. ನಿಧಾನ ತೇಲಾಟ ರಿಚ್ (ಪೆಟ್ರೋಲ್ ಹೆಚ್ಚಾದ) ಮಿಕ್ಸ್ಚರ್‌ನ ಗುರುತು. ಉಳಿದದ್ದು ಒಟ್ಟಾರೆ ಕಡಿಮೆ ಮಟ್ಟ. ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದರೂ ಏರ್ ಲೀಕ್ ಇದ್ದರೂ ಮುಳ್ಳು ಹೀಗೇ ಕೆಳಗೆ ಕೂರುತ್ತದೆ, ಗೇಜ್ ಒಂದರಿಂದಲೇ ಯಾವುದೆಂದು ಹೇಳಲಾಗದು.

ಗುಮಾನಿ ಸೈಲೆನ್ಸರ್ ಮೇಲೂ ಬೀಳಬಹುದಾದ್ದರಿಂದ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ನೋಡಲಾಯಿತು. ಕಟ್ಟಿಕೊಂಡಿದ್ದರೆ ಮುಳ್ಳು ಮೇಲೇರಿ ಆಮೇಲೆ ಮೆಲ್ಲಗೆ ಇಳಿಯುತ್ತಾ ಹೋಗಬೇಕು. ಇಳಿಯಲಿಲ್ಲ.

ಐದನೇ ವಾಲ್ವ್

ಒಂದೊಂದೇ ಪ್ಲಗ್ ವೈರ್ ತೆಗೆದು ಬಾಡಿಗೆ ಹಿಡಿದರೆ 1, 2, 4ನೇ ಸಿಲಿಂಡರಿನಲ್ಲಿ ಮುಳ್ಳು ಒಂದೂವರೆ ಇಂಚಿನ ಆಸುಪಾಸು ಇಳಿಯಿತು. 3ನೆಯದರಲ್ಲಿ ಅರ್ಧ ಇಂಚೂ ಇಳಿಯಲಿಲ್ಲ. ಅಂದರೆ ಅದು ಮೊದಲೇ ಕೆಲಸ ಮಾಡುತ್ತಿಲ್ಲ. ಕಂಪ್ರೆಷನ್ (ಸಿಲಿಂಡರ್ ಒಳಗೆ ಒತ್ತಿದ ಗಾಳಿಯ ಒತ್ತಡ) ಅಳೆದಾಗ ಕ್ರಮವಾಗಿ 125, 130, 85, 125 ಪಿಎಸ್‌ಐ.

ಈ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎರಡರಂತೆ ಮುಂದಿನಿಂದ ಎಣಿಸಿದರೆ 1, 4, 5, 8 ಎಕ್ಸಾಸ್ಟ್ ವಾಲ್ವ್, 2, 3, 6, 7 ಇನ್‌ಟೇಕ್. ನಡುವಿನ 4 ಮತ್ತು 5 ಒಂದೇ ಎಕ್ಸಾಸ್ಟ್ ದಾರಿಯನ್ನು ಹಂಚಿಕೊಳ್ಳುತ್ತವೆ, ಹಾಗಾಗಿ ಅತಿ ಹೆಚ್ಚು ಬೇಯುವುದು ಅವೇ. ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು, 0.38 ಮಿ.ಮೀ. ಇರಬೇಕು. ಹೊಂದಿಸುವಾಗ ಒಂಬತ್ತರ ಲೆಕ್ಕ ಹಿಡಿಯುವುದು ಸುಲಭ: ಯಾವ ವಾಲ್ವ್ ಪೂರ್ತಿ ಒತ್ತಿಕೊಂಡಿದೆಯೋ ಆ ಸಂಖ್ಯೆಯನ್ನು 9ರಿಂದ ಕಳೆದರೆ ಸಿಗುವುದೇ ಹೊಂದಿಸಬೇಕಾದ ವಾಲ್ವ್. 4 ಒತ್ತಿದ್ದಾಗ 5, 8 ಒತ್ತಿದ್ದಾಗ 1. ಈ ಗಾಡಿಯಲ್ಲಿ 5ನೆಯದರಲ್ಲಿ, ಅಂದರೆ 3ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್‌ನಲ್ಲಿ, ಫೀಲರ್ ಗೇಜಿನ 0.05 ಮಿ.ಮೀ. ಎಲೆಯೂ ತೂರಲಿಲ್ಲ. ಬಿಸಿಯಾದಾಗ ವಾಲ್ವ್ ಉದ್ದವಾಗಿ ಸೀಟಿನ ಮೇಲೆ ಪೂರ್ತಿ ಕೂರುತ್ತಲೇ ಇರಲಿಲ್ಲ. ಬಿಸಿಯಾದ ಮೇಲೆಯೇ ಗಾಡಿ ಆಫ್ ಆಗುತ್ತಿದ್ದುದಕ್ಕೆ ಇದೊಂದು ಕಾರಣ. 4ನೆಯದು 0.25. ಉಳಿದವು ಸರಿ.

ಟ್ಯಾಪೆಟ್ ಸಡಿಲವಾಗಿದ್ದರೆ ಟಕಟಕ ಸದ್ದು ಬರುತ್ತದೆ, ಎಲ್ಲರೂ ಗಮನಿಸುತ್ತಾರೆ. ಬಿಗಿಯಾದರೆ ಎಂಜಿನ್ ಇನ್ನೂ ಮೆತ್ತಗೆ ಓಡಿದಂತೆ ಕೇಳಿಸುತ್ತದೆ. ಹೀಗೆ ಸದ್ದಿಲ್ಲದೆ ಬಿಗಿಯಾಗಲು ಕಾರಣ ಸೀಟು ಸವೆತ. ಸೀಸ ಬೆರೆಸಿದ ಪೆಟ್ರೋಲ್ ಇದ್ದ ಕಾಲದ ಬೀಡಿನ ಹೆಡ್ ಇದು. ಸೀಸವೇ ಸೀಟಿಗೆ ತೆಳುವಾದ ಹೊದಿಕೆ ಕೊಡುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ. ಗಟ್ಟಿ ಇನ್ಸರ್ಟ್ ಇಲ್ಲದ ಸೀಟಿನಲ್ಲಿ ಎಕ್ಸಾಸ್ಟ್ ವಾಲ್ವ್ ಮೆಲ್ಲಮೆಲ್ಲಗೆ ಒಳಗೆ ಕುಸಿಯುತ್ತದೆ, ಗ್ಯಾಪ್ ಅಷ್ಟಷ್ಟೇ ಕಡಿಮೆಯಾಗುತ್ತದೆ.

4 ಮತ್ತು 5ನ್ನು 0.38ಕ್ಕೆ ತಂದು ಮತ್ತೆ ಕಂಪ್ರೆಷನ್ ನೋಡಿದಾಗ 3ನೇ ಸಿಲಿಂಡರ್ 120. ವಾಲ್ವ್ ಸುಟ್ಟಿರಲಿಲ್ಲ, ಬಚಾವ್. ಗೇಜಿನಲ್ಲಿ ಪಟಪಟ ಬೀಳುವುದು ನಿಂತು ಮುಳ್ಳು 12.5ಕ್ಕೆ ಬಂತು.

ಪಾಯಿಂಟ್, ಟೈಮಿಂಗ್

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕಾದಲ್ಲಿ 0.20 ಇತ್ತು. ಪಾಯಿಂಟಿನ ಫೈಬರ್ ಹಿಮ್ಮಡಿ ಕ್ಯಾಮ್ ಮೇಲೆ ಉಜ್ಜಿ ಸವೆದಂತೆ ಗ್ಯಾಪ್ ಇಳಿಯುತ್ತದೆ, ಪಾಯಿಂಟ್ ತೆರೆಯುವುದು ತಡವಾಗುತ್ತದೆ, ಟೈಮಿಂಗ್ ತಾನಾಗಿ ಹಿಂದೆ ಬೀಳುತ್ತದೆ. ಕ್ಯಾಮಿಗೆ ಒಂದು ಚಿಟಿಕೆ ಗ್ರೀಸ್ ಹಚ್ಚದಿದ್ದರೆ ಈ ಸವೆತ ಬಲು ಬೇಗ. ಗ್ಯಾಪ್ ಸರಿಮಾಡುವ ಮೊದಲು ಡಿಸ್ಟ್ರಿಬ್ಯೂಟರ್ ತಿರುಗಿಸಬೇಡಿ, ಎರಡು ಸಲ ಮಾಡಬೇಕಾಗುತ್ತದೆ. 0.38ಕ್ಕೆ ಹೊಂದಿಸಿದ್ದಕ್ಕೇ ಮುಳ್ಳು 13.5ಕ್ಕೆ ಏರಿತು.

ಆಮೇಲೆ ಕ್ಲ್ಯಾಂಪ್ ಸಡಿಲಿಸಿ, ಅಡ್ವಾನ್ಸ್ ಪೈಪ್ ಕಳಚಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಗೇಜ್ ನೋಡಲಾಯಿತು. ರೋಟರ್ ಸುತ್ತುವ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ಅಡ್ವಾನ್ಸ್. ಮುಳ್ಳು 15ರವರೆಗೆ ಹೋಯಿತು. ಅಲ್ಲೇ ಬಿಗಿದುಬಿಡುವುದು ಗೇಜ್ ಕೊಂಡ ಹೊಸಬರ ಮಾಮೂಲಿ ತಪ್ಪು. ಲೋಡ್ ಇಲ್ಲದ ಎಂಜಿನ್ನಿಗೆ ಎಷ್ಟು ಅಡ್ವಾನ್ಸ್ ಕೊಟ್ಟರೂ ಹಿತವೇ. ಏರಿನಲ್ಲಿ ಅದೇ ಸೆಟ್ಟಿಂಗ್ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ಆಗಿ ಪಿಸ್ಟನ್ ತಿನ್ನುತ್ತದೆ, ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಸ್ಟಾರ್ಟರಿಗೆ ಒದೆಯುತ್ತದೆ. ಅರ್ಧದಿಂದ ಒಂದು ಇಂಚು ಇಳಿಯುವಷ್ಟು ಹಿಂದಕ್ಕೆ ತರಬೇಕು. ಇಲ್ಲಿ 14.25ಕ್ಕೆ ತಂದು ಬಿಗಿದು, ಮೂರನೇ ಗೇರಿನಲ್ಲಿ ಏರು ಹತ್ತಿಸಿ, ನಾಕಿಂಗ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲಾಯಿತು. ಟೈಮಿಂಗ್ ಲೈಟ್ ಇದ್ದವರು ಪುಲ್ಲಿ ಗುರುತನ್ನೂ ಮ್ಯಾನುಯಲ್ ಜೊತೆ ತಾಳೆ ನೋಡಲಿ.

ಗಾಳಿ ಎಲ್ಲಿಂದ?

14.25 ಇನ್ನೂ ಸೊರಗಿದ ರೀಡಿಂಗೇ. ಲೀಕ್ ಹುಡುಕಲು ಪೆಟ್ರೋಲೋ ಕಾರ್ಬುರೇಟರ್ ಕ್ಲೀನರೋ ಚಿಮುಕಿಸುವ ಅಭ್ಯಾಸ ಈ ಗಾಡಿಯಲ್ಲಿ ಅಪಾಯ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಲ್ಲಿವೆ, ಚಿಮುಕಿಸಿದ್ದು ಕೆಂಡದಂಥ ಎಕ್ಸಾಸ್ಟ್ ಮೇಲೆ ಬೀಳುತ್ತದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಂಚಿಗೆ ಸೋಪಿನ ನೀರು ಹನಿಸಿ ನೋಡಲಾಯಿತು, ಮುಳ್ಳು ಕದಲಲಿಲ್ಲ. ಕಾರ್ಬುರೇಟರ್ ಫ್ಲ್ಯಾಂಜಿಗೂ ಹಾಗೆಯೇ. ಆಮೇಲೆ ಥ್ರಾಟಲ್ ಶಾಫ್ಟಿನ ತುದಿಗೆ, ಆಕ್ಸಿಲರೇಟರ್ ಲಿವರ್ ಇರುವ ಕಡೆ, ಎಣ್ಣೆಡಬ್ಬಿಯಿಂದ ಎರಡು ಹನಿ ಎಂಜಿನ್ ಆಯಿಲ್. ಮುಳ್ಳು ಕೂಡಲೇ ಒಂದು ಇಂಚು ಏರಿತು, ಕ್ಷಣ ಕಳೆದು ಸೈಲೆನ್ಸರ್‌ನಲ್ಲಿ ನೀಲಿ ಹೊಗೆ. ಎಣ್ಣೆ ಒಳಗೆ ಎಳೆದುಕೊಂಡಾದ ಮೇಲೆ ಮುಳ್ಳು ವಾಪಸ್. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಎರಡು ಸಲ ತೊಳೆದರೂ ಗುಣವಾಗದ ಗುಟ್ಟು ಇದು. ಶಾಫ್ಟ್ ಪಕ್ಕದಿಂದ ಅಳತೆಯಿಲ್ಲದ ಗಾಳಿ ನುಗ್ಗಿ ಮಿಕ್ಸ್ಚರ್ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗುತ್ತಿತ್ತು. ಅದನ್ನು ಮುಚ್ಚಲು ಸ್ಕ್ರೂ ಹೊರಕ್ಕೆ ತಿರುಗಿಸಿದರು. ಸಾಲದಾದಾಗ ಥ್ರಾಟಲ್ ಏರಿಸಿದರು. ಥ್ರಾಟಲ್ ಏರಿ ಸಣ್ಣ ತೂತುಗಳು ಬಯಲಾಗಿ ಮಿಕ್ಸ್ಚರ್ ಈಗ ಅತಿ ರಿಚ್. ಶಾಫ್ಟ್ ಪ್ರತಿಸಲ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಸೋರಿಕೆಯೂ ಗಳಿಗೆಗೊಂದು ತರಹ.

ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಬೆರಳಿಗೆ ಗೊತ್ತಾಗುವಷ್ಟು ಆಟವಿತ್ತು. ಕಾರ್ಬುರೇಟರ್ ಬಾಡಿ ರೀಮ್ ಮಾಡಿಸಿ ಹಿತ್ತಾಳೆ ಬುಷ್, ಜೊತೆಗೆ ಹೊಸ ಶಾಫ್ಟ್. ಸವೆದ ಶಾಫ್ಟಿಗೆ ಹೊಸ ಬುಷ್ ಮಾತ್ರ ಹಾಕಿದರೆ ದುಡ್ಡು ದಂಡ, ಏಕೆಂದರೆ ಅರ್ಧ ಸವೆತ ಶಾಫ್ಟಿನದೇ. ಬಿಚ್ಚುವಾಗ ಫ್ಲ್ಯಾಪ್ ಯಾವ ಮುಖ ಮೇಲೆ, ಯಾವ ಅಂಚು ಎತ್ತ ಎಂದು ಗೀರಿಟ್ಟುಕೊಳ್ಳಿ. ಅಂಚು ಓರೆಯಾಗಿ ಮಸೆದಿರುವುದರಿಂದ ತಿರುಗಿಸಿ ಹಾಕಿದರೆ ಪೂರ್ತಿ ಮುಚ್ಚುವುದಿಲ್ಲ. ಕೂರಿಸುವಾಗ ಎರಡು ಸ್ಕ್ರೂ ಸಡಿಲ ಬಿಟ್ಟು, ಫ್ಲ್ಯಾಪ್ ಎರಡು ಮೂರು ಸಲ ಪಟ್ಟನೆ ಮುಚ್ಚಿ ತಾನೇ ನಡುವಿಗೆ ಬಂದ ಮೇಲೆ ಬಿಗಿಯಬೇಕು. ಸ್ಕ್ರೂ ತುದಿಯನ್ನು ಹಿಂದಿನಿಂದ ಹರಡಿ ಭದ್ರ ಮಾಡುವುದನ್ನು ಮರೆಯಬಾರದು. ಕಳಚಿದರೆ ಅದು ಬೀಳುವುದು ಸಿಲಿಂಡರಿಗೆ.

ಬಿಚ್ಚಿದ್ದಾಗಲೇ ಫ್ಲ್ಯಾಂಜಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡಲಾಯಿತು. 0.1 ಮಿ.ಮೀ. ಎಲೆ ತೂರಿದರೆ ಬಾಗಿದೆ ಎಂದರ್ಥ, ಇದು ಸಮವಿತ್ತು. ಸ್ಪೇಸರಿನ ಎರಡೂ ಕಡೆ ಹೊಸ ಗ್ಯಾಸ್ಕೆಟ್, ಸಿಲಿಕೋನ್ ಬೇಡವೇ ಬೇಡ, ಪೆಟ್ರೋಲಿಗೆ ಅದು ಉಬ್ಬಿ ಚೂರುಚೂರಾಗುತ್ತದೆ. ಜೆಟ್‌ಗಳಿಗೆ ತಂತಿ ತೂರಿಸದೆ ಗಾಳಿ ಮಾತ್ರ ಹೊಡೆಯಲಾಯಿತು. ಫ್ಲೋಟ್ ಲೆವೆಲ್ ನೀಡಲ್ ವಾಲ್ವ್ ಕೆಳಗಿನ ವಾಷರಿನ ದಪ್ಪದಿಂದ ನಿರ್ಧಾರವಾಗುತ್ತದೆ. ಹಳೇ ವಾಷರ್ ಎಸೆಯುವ ಮೊದಲು ಅದರ ದಪ್ಪ ಅಳೆದು ಅಷ್ಟೇ ದಪ್ಪದ್ದು ಹಾಕಿ.

ಕೊನೆಗೆ ಸ್ಕ್ರೂ

ಮಿಕ್ಸ್ಚರ್ ಸ್ಕ್ರೂವನ್ನು ಬೆರಳ ತುದಿಯಲ್ಲಿ ಮುಟ್ಟುವಷ್ಟೇ ಒಳಗೆ ತಿರುಗಿಸಿ, ಎರಡು ಸುತ್ತು ಹೊರಗೆ. ಒತ್ತಿ ಬಿಗಿದರೆ ಮೊನೆಯಲ್ಲಿ ಉಂಗುರದಂಥ ಗೀರು ಬೀಳುತ್ತದೆ, ಆಮೇಲೆ ಸೂಕ್ಷ್ಮ ಹೊಂದಾಣಿಕೆ ಸಾಧ್ಯವಿಲ್ಲ. ಎಂಜಿನ್ ಬಿಸಿ ಮಾಡಿ ಐಡ್ಲಿಂಗ್ 700ಕ್ಕೆ ಇಳಿಸಿದಾಗ ಈ ಸಲ ಗಾಡಿ ನಿಲ್ಲಲಿಲ್ಲ. ಕಾಲು ಕಾಲು ಸುತ್ತು ತಿರುಗಿಸುತ್ತಾ, ಪ್ರತಿ ಸಲ ಹತ್ತು ಸೆಕೆಂಡ್ ಕಾದು, 700ಕ್ಕೆ ವಾಪಸ್ ತಂದು ಬರೆದುಕೊಂಡ ರೀಡಿಂಗ್ ಹೀಗಿತ್ತು:

1 ಸುತ್ತು: 14, ಮುಳ್ಳು ಆಗಾಗ ತಾಳ ತಪ್ಪಿ ಬೀಳುತ್ತದೆ
1¼: 15.25
1½: 16.25
1¾: 16.75
2: 16.75
2¼: 16.5
2½: 16, ನಿಧಾನ ತೇಲಾಟ ಶುರು

ಲೀನ್ ಕಡೆ ಇಳಿಜಾರು ಕಡಿದು, ರಿಚ್ ಕಡೆ ಸಪಾಟು. ಆದ್ದರಿಂದಲೇ ಕಿವಿಯಿಂದ ಸೆಟ್ಟಿಂಗ್ ಮಾಡುವವರು ಹೆಚ್ಚಾಗಿ ರಿಚ್ ಕಡೆಗೇ ವಾಲುತ್ತಾರೆ: ಅಲ್ಲಿ ಎಂಜಿನ್ ಸದ್ದು ಬೇಗ ಕೆಡುವುದಿಲ್ಲ, ಪೆಟ್ರೋಲ್ ಮಾತ್ರ ಹೋಗುತ್ತಿರುತ್ತದೆ. ಶಿಖರದ ಲೀನ್ ಅಂಚಾದ 1¾ರಲ್ಲಿ ಇದನ್ನು ನಿಲ್ಲಿಸಲಾಯಿತು. ಇನ್ನೂ ಒಳಗೆ ತಿರುಗಿಸಿ ಕಾಲು ಇಂಚು ಬೀಳಿಸಿ ನಿಲ್ಲಿಸುವ ಪದ್ಧತಿಯೂ ಇದೆ. ಎರಡೇ ದಾರಿಯಲ್ಲಿ ನಾಲ್ವರು ಹಂಚಿಕೊಳ್ಳುವ ಈ ಎಂಜಿನ್ನಿಗೆ ಅದು ಹೊಂದುವುದಿಲ್ಲ. ಹಂಚಿಕೆ ಸಮವಿಲ್ಲದೆ ಒಂದು ಸಿಲಿಂಡರ್ ಹಸಿದು ಮಿಸ್ಸಿಂಗ್ ಶುರುವಾಗುತ್ತದೆ. ಎಮಿಷನ್ ಟೆಸ್ಟಿಗೆ ಇಂಥ ಹಳೇ ಕಾರುಗಳ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3, ಸ್ಕ್ರೂ ಇಲ್ಲಿದ್ದಾಗ ಅದಕ್ಕೆ ತೊಂದರೆಯಾಗಬಾರದು.

ಈಗಿನ ಪೆಟ್ರೋಲ್ ಬಗ್ಗೆ ಒಂದು ಮಾತು. ಶೇ. 20 ಎಥನಾಲ್ ಬೆರೆತ ಇಂಧನಕ್ಕೆ ಬೇಕಾದ ಗಾಳಿ ಶುದ್ಧ ಪೆಟ್ರೋಲಿಗಿಂತ ಕಡಿಮೆ, 14.7 ಪಾಲಿನ ಬದಲು ಸುಮಾರು 13.5. ಹಳೇ ಜೆಟ್‌ಗಳಿಗೆ ಅದು ಗೊತ್ತಿಲ್ಲ, ಹಾಗಾಗಿ ಗಾಡಿ ಶೇ. 8ರಷ್ಟು ಲೀನ್ ಓಡುತ್ತದೆ. ಬೆಂಗಳೂರಿನ ತೆಳು ಗಾಳಿ ಇದಕ್ಕೆ ಉಲ್ಟಾ ಕೆಲಸ ಮಾಡಿ ಶೇ. 4-5ರಷ್ಟು ರಿಚ್ ಮಾಡುತ್ತದೆ. ಎರಡೂ ಅರ್ಧಂಬರ್ಧ ಹೊಡೆದುಹೋಗುತ್ತವೆ. ಇದೇ ಗಾಡಿ ಘಟ್ಟ ಇಳಿದು ಮಂಗಳೂರಿಗೆ ಹೋದರೆ ಆ ಸಹಾಯ ಇರುವುದಿಲ್ಲ. ಅಲ್ಲಿ ಐಡ್ಲಿಂಗ್ ತಡವರಿಸಿದರೆ ಸ್ಕ್ರೂ ಕಾಲು ಸುತ್ತು ಹೊರಗೆ ಸಾಕು. ಓಟದಲ್ಲೂ ಜೋತು ಬಿದ್ದರೆ ಸ್ಕ್ರೂ ಕೈಯಲ್ಲಿ ಏನೂ ಇಲ್ಲ, ಮೇನ್ ಜೆಟ್ ಒಂದು ಅಳತೆ ದೊಡ್ಡದು ಬೇಕು. ಎಥನಾಲಿಗೆ ಹಳೇ ರಬ್ಬರ್ ಪೈಪ್, ಪಂಪಿನ ಡಯಾಫ್ರಮ್ ಬೇಗ ಹಾಳಾಗುತ್ತವೆ. ಈ ಗಾಡಿಯಲ್ಲಿ ಪೈಪ್‌ಗಳನ್ನು ಇದೇ ನೆಪದಲ್ಲಿ ಬದಲಾಯಿಸಲಾಯಿತು.

ಏರ್ ಫಿಲ್ಟರ್ ಕೂರಿಸಿ ಕೊನೆಯ ಸಲ ನೋಡಿದಾಗ 700 ಆರ್‌ಪಿಎಂನಲ್ಲಿ 16.5, ಅರ್ಧ ಇಂಚಿನ ಸಹಜ ನಡುಕ. ಥಟ್ಟನೆ ಒತ್ತಿ ಬಿಟ್ಟರೆ 1ಕ್ಕೆ ಇಳಿದು 21ಕ್ಕೆ ಹಾರಿ ವಾಪಸ್. ಮೊದಲು ಈ ನೆಗೆತ 17ಕ್ಕೇ ನಿಲ್ಲುತ್ತಿತ್ತು. ರಿಂಗ್ ಸೋತಿದ್ದರೆ ಇಷ್ಟು ಹಾರುವುದಿಲ್ಲ. ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿದರೆ ಎಂಜಿನ್ ಈಗ ನಿಲ್ಲುತ್ತದೆ.

2000 ಕಿ.ಮೀ. ಆದ ಮೇಲೆ ತಣ್ಣಗಿದ್ದಾಗ ಟ್ಯಾಪೆಟ್ ಮತ್ತೆ ಅಳೆಯಲಾಯಿತು. 1, 4, 8 ಇದ್ದಂತೆಯೇ ಇದ್ದವು, 5ನೆಯದು 0.38ರಿಂದ 0.33ಕ್ಕೆ ಇಳಿದಿತ್ತು. ಮತ್ತೆ ಹೊಂದಿಸಿ, ಮುಂದಿನ ಅಳತೆಯನ್ನೂ 2000 ಕಿ.ಮೀ.ಗೇ ಇಡಲಾಗಿದೆ. ಕುಸಿತ ಇದೇ ವೇಗದಲ್ಲಿ ಮುಂದುವರಿದರೆ ಹೆಡ್ ಇಳಿಸಿ ಎಕ್ಸಾಸ್ಟ್ ಸೀಟುಗಳಿಗೆ ಗಟ್ಟಿ ಇನ್ಸರ್ಟ್ ಹಾಕಿಸುವುದೇ ಸರಿ. ನಾಲ್ಕಕ್ಕೂ ಒಟ್ಟಿಗೆ, 5ಕ್ಕೆ ಮಾತ್ರ ಅಲ್ಲ.